ಸ್ಟೆಲ್ವಿಯೊ, ಡೊಲೊಮೈಟ್ಸ್, ಗ್ರಾನ್ ಸಾಸ್ಸೊ, ವಾಲ್ ದೊರ್ಚಾ: ಇಟಲಿಯಲ್ಲಿ ಯಾವ ಬೆಟ್ಟದ ದಾರಿ ನಿಮಗೆ?

ಇಟಲಿ ಪ್ರವಾಸದಲ್ಲಿ ಎರಡು ಮೂರು ದಿನ ಉಳಿಸಿಕೊಂಡು, ಬಾಡಿಗೆ ಕಾರು ತೆಗೆದುಕೊಂಡು ಬೆಟ್ಟ ಹತ್ತೋಣ ಎಂದುಕೊಂಡವರಲ್ಲಿ ಹೆಚ್ಚಿನವರು ನಕ್ಷೆಯಲ್ಲಿ ಮೊದಲು ಹುಡುಕುವುದು ಸ್ಟೆಲ್ವಿಯೊ. ಒಂದೇ ಮಗ್ಗುಲಲ್ಲಿ 48 ಹೇರ್‌ಪಿನ್ ತಿರುವು. ನಮ್ಮ ಆಗುಂಬೆ ಘಾಟಿಯಲ್ಲಿ ಇರುವುದು 14. ಆಸೆಯಾಗುವುದು ಸಹಜ. ಆದರೆ ತಿರುವಿನ ಲೆಕ್ಕ ನೋಡಿ ದಾರಿ ಆರಿಸಬೇಡಿ. ಆ ದಾರಿಯಲ್ಲಿ ಕಾರು ನಿಲ್ಲಿಸಿ ಇಳಿಯುವುದಕ್ಕೆ ಎಷ್ಟು ಕಡೆ ಜಾಗ ಇದೆ, ಕಾರಿನಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ, ಹೋಗುತ್ತಿರುವುದು ಯಾವ ತಿಂಗಳು ಎಂಬ ಮೂರು ಪ್ರಶ್ನೆ ಮೊದಲು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ದಾರಿ ತಾನಾಗಿ ತೀರ್ಮಾನವಾಗುತ್ತದೆ.

ಇಲ್ಲಿ ನಾಲ್ಕು ದಾರಿಗಳನ್ನು ಎದುರುಬದುರು ಇಟ್ಟು ನೋಡಿದ್ದೇವೆ. ಉತ್ತರದ ಆಲ್ಪ್ಸ್‌ನಲ್ಲಿ ಸ್ಟೆಲ್ವಿಯೊ ಮತ್ತು ಡೊಲೊಮೈಟ್ಸ್, ಮಧ್ಯ ಇಟಲಿಯ ಅಬ್ರುಟ್ಸೊ ಪ್ರಾಂತ್ಯದಲ್ಲಿ ಗ್ರಾನ್ ಸಾಸ್ಸೊ ಬೆಟ್ಟದ ಕಾಂಪೊ ಇಂಪೆರಾತೊರೆ, ಟಸ್ಕನಿಯಲ್ಲಿ ವಾಲ್ ದೊರ್ಚಾ ಮತ್ತು ಅಮಿಯಾತಾ. ಎತ್ತರದ ಅಂದಾಜಿಗೆ ಹೇಳುವುದಾದರೆ, ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಕಾಂಪೊ ಇಂಪೆರಾತೊರೆಯ ಬಯಲು ಹೆಚ್ಚುಕಡಿಮೆ ಆ ಎತ್ತರಕ್ಕೆ ಹತ್ತಿರದಲ್ಲೇ ಹಾಸಿದೆ. ಸ್ಟೆಲ್ವಿಯೊದಲ್ಲಿ ಟಾರು ರಸ್ತೆಯೇ ಅದಕ್ಕಿಂತ 800 ಮೀಟರ್ ಮೇಲೆ ಹೋಗುತ್ತದೆ.

ಸ್ಟೆಲ್ವಿಯೊ: ಓಡಿಸುವ ಸುಖಕ್ಕೆ

ಎಸ್‌ಎಸ್ 38 ಹೆದ್ದಾರಿಯ ಈ ಭಾಗವನ್ನು ಆಸ್ಟ್ರಿಯಾ ಸಾಮ್ರಾಜ್ಯ 1820ರಿಂದ 1825ರ ನಡುವೆ ಕಟ್ಟಿಸಿತು. ಎಂಜಿನಿಯರ್ ಕಾರ್ಲೊ ದೊನೆಗಾನಿ. ಕುದುರೆ ಗಾಡಿಗೆಂದು ಹಾಕಿದ ಅಳತೆಯೇ ಇವತ್ತಿಗೂ ಉಳಿದಿದೆ ಎಂಬುದನ್ನು ನೆನಪಿಟ್ಟುಕೊಂಡರೆ ಅಲ್ಲಿನ ಕಷ್ಟಗಳೆಲ್ಲ ಅರ್ಥವಾಗುತ್ತವೆ. ಪ್ರಾತೊ ಊರಿನಿಂದ ನೆತ್ತಿಗೆ ಸುಮಾರು 25 ಕಿ.ಮೀ., ಏರುವ ಎತ್ತರ 1,800 ಮೀಟರ್, ನೆತ್ತಿ 2,757 ಮೀಟರ್. ಪ್ರತಿ ತಿರುವಿನಲ್ಲೂ ಕಲ್ಲಿನ ಮೇಲೆ ಸಂಖ್ಯೆ ಇದೆ. ಕೆಳಗಿನದು 48, ನೆತ್ತಿಯ ಹತ್ತಿರದ್ದು 1. ಹತ್ತುತ್ತಾ ಎಣಿಕೆ ಇಳಿಯುತ್ತದೆ.

ಎರಡು ಕಡೆಯಿಂದ ಹತ್ತಬಹುದು. ಬೊಲ್ಜಾನೊ, ಮೆರಾನೊ ಕಡೆಯಿಂದ ಬಂದರೆ ಪ್ರಾತೊ. ಮಿಲಾನ್‌ನಿಂದ ಕೊಮೊ ಸರೋವರದ ಪೂರ್ವ ದಂಡೆ ಹಿಡಿದು ಬಂದರೆ ಬೊರ್ಮಿಯೊ, ಸುಮಾರು 200 ಕಿ.ಮೀ., ಮೂರು ಗಂಟೆ. ನಮ್ಮ ಸಲಹೆ: ಪ್ರಾತೊ ಕಡೆಯಿಂದ ಹತ್ತಿ, ಬೊರ್ಮಿಯೊ ಕಡೆಗೆ ಇಳಿಯಿರಿ. ಬಿಗಿ ತಿರುವುಗಳನ್ನು ಹತ್ತುವಾಗ ದಾಟುವುದು ಸುಲಭ, ಏಕೆಂದರೆ ವೇಗ ತಾನಾಗಿ ಕಡಿಮೆ ಇರುತ್ತದೆ, ಬ್ರೇಕಿಗೆ ಕೆಲಸವಿಲ್ಲ. ಅದೇ 48 ತಿರುವು ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕ್ ತುಳಿಯಬೇಕು. ಬೊರ್ಮಿಯೊ ಮಗ್ಗುಲಲ್ಲೂ ತಿರುವುಗಳಿಗೆ ಬರವಿಲ್ಲ. ಜೊತೆಗೆ ಹಳೆಯ ಕಿರಿದಾದ ಸುರಂಗಗಳಿವೆ. ಬಿಸಿಲಿನಿಂದ ಒಳಗೆ ನುಗ್ಗಿದ ಕ್ಷಣ ಕಣ್ಣಿಗೆ ಕತ್ತಲು ಕವಿಯುತ್ತದೆ, ತಂಪು ಕನ್ನಡಕ ಮುಂಚೆಯೇ ತೆಗೆದಿಡಿ.

ಸ್ಟೆಲ್ವಿಯೊದ ನಿಜವಾದ ತೊಂದರೆ ತಿರುವಲ್ಲ, ಜನ. ಜುಲೈ, ಆಗಸ್ಟ್‌ನಲ್ಲಿ ಹತ್ತು ಗಂಟೆಯ ಮೇಲೆ ಹೋದರೆ ಮುಂದೆ ಕ್ಯಾಂಪರ್ ವ್ಯಾನ್, ಹಿಂದೆ ಬೈಕ್ ಸಾಲು, ಪಕ್ಕದಲ್ಲಿ ಏದುಸಿರು ಬಿಡುವ ಸೈಕಲ್ ಸವಾರರು. ಸೈಕಲ್ಲಿನವರಿಗೆ ಒಂದೂವರೆ ಮೀಟರ್ ಜಾಗ ಬಿಟ್ಟೇ ದಾಟಬೇಕು. ಅಷ್ಟು ಜಾಗ ಸಿಗುವುದು ಎರಡು ತಿರುವಿನ ನಡುವಿನ ನೇರ ತುಂಡಿನಲ್ಲಿ ಮಾತ್ರ. ಬೆಳಗ್ಗೆ ಎಂಟಕ್ಕೆ ಮೊದಲು ಪ್ರಾತೊ ಬಿಟ್ಟರೆ ಅದೇ ರಸ್ತೆ ಬೇರೆಯೇ ಆಗಿ ಕಾಣುತ್ತದೆ: 3,905 ಮೀಟರಿನ ಓರ್ತ್‌ಲೆಸ್ ಶಿಖರದ ಹಿಮದ ಮೇಲೆ ಎಳೆ ಬಿಸಿಲು, ತ್ರಾಫೊಯ್ ಊರಿನ ಮೇಲಿನ ಕಾಡು ಮುಗಿದ ಮೇಲೆ ಎದುರಿನ ಗೋಡೆಯಂಥ ಇಳಿಜಾರಿನಲ್ಲಿ ಅಂಕುಡೊಂಕಾಗಿ ಹೊಲಿದಿಟ್ಟ ರಸ್ತೆ.

ಈ ದಾರಿ ತೆರೆದಿರುವುದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್ ಮೊದಲಿಂದ ನವೆಂಬರ್ ಶುರುವಿನವರೆಗೆ. ಜೂನ್‌ನಲ್ಲೂ ಒಂದು ರಾತ್ರಿಯ ಹಿಮಕ್ಕೆ ಮುಚ್ಚಿಬಿಡುವುದುಂಟು. ಬೇಸಿಗೆ ಕೊನೆಯಲ್ಲಿ ಒಂದು ದಿನ ಸೈಕಲ್ಲಿಗೆ ಮಾತ್ರ ಬಿಡುತ್ತಾರೆ, ಆ ದಿನಾಂಕ ನೋಡಿಕೊಂಡು ಹೊರಡಿ. ಕಣಿವೆಯ ಬುಡದಲ್ಲೇ ದೊಡ್ಡ ಫಲಕ ಇರುತ್ತದೆ. ‘ಅಪೆರ್ತೊ’ ಎಂದರೆ ತೆರೆದಿದೆ, ‘ಕಿಯೂಸೊ’ ಎಂದರೆ ಮುಚ್ಚಿದೆ. ಜಿಪಿಎಸ್ ಏನೇ ಹೇಳಲಿ, ಫಲಕದ ಮಾತೇ ಕೊನೆ.

ನೆತ್ತಿಯ ಹತ್ತಿರದಿಂದ ಉಂಬ್ರೈಲ್ ಘಾಟಿಯ ಮೂಲಕ ಸ್ವಿಟ್ಜರ್‌ಲೆಂಡಿಗೆ ಇಳಿಯುವ ದಾರಿಯೂ ಇದೆ. ಬಾಡಿಗೆ ಒಪ್ಪಂದದಲ್ಲಿ ಗಡಿ ದಾಟಲು ಅನುಮತಿ ಬರೆದಿರದಿದ್ದರೆ ಆ ಕಡೆ ತಿರುಗಬೇಡಿ. ಅಲ್ಲಿ ಕಾರು ಕೆಟ್ಟರೆ ಖರ್ಚು ಪೂರ್ತಿ ನಿಮ್ಮ ತಲೆಗೆ ಬೀಳಬಹುದು.

ಡೊಲೊಮೈಟ್ಸ್: ಮೂರು ದಿನ ಇದ್ದರೆ

ಬೊಲ್ಜಾನೊದಿಂದ ಕೊರ್ತಿನಾ ದಾಂಪೆತ್ಸೊವರೆಗೆ ಸುಮಾರು 110 ಕಿ.ಮೀ. ಉದ್ದದ ಡೊಲೊಮೈಟ್ಸ್ ಮಹಾಮಾರ್ಗ 1909ರಲ್ಲಿ ತೆರೆಯಿತು. ಕೊಸ್ತಾಲುಂಗಾ, ಪೊರ್ದೊಯ್, ಫಾಲ್ಜಾರೆಗೊ ಎಂಬ ಮೂರು ಘಾಟಿಗಳನ್ನು ದಾಟುತ್ತದೆ. ಇವುಗಳಲ್ಲಿ ಎತ್ತರದ್ದು ಪೊರ್ದೊಯ್, 2,239 ಮೀಟರ್. ಕನಾಜೆಯ್ ಕಡೆಯಿಂದ ಹತ್ತಿ ಅರಾಬ್ಬಾ ಕಡೆಗೆ ಇಳಿದರೆ ಎರಡೂ ಮಗ್ಗುಲು ಸೇರಿ ಅರವತ್ತರ ಆಸುಪಾಸು ಹೇರ್‌ಪಿನ್ ತಿರುವು ಆಗುತ್ತವೆ. ಅಂದರೆ ಲೆಕ್ಕದಲ್ಲಿ ಸ್ಟೆಲ್ವಿಯೊದ ಪ್ರಾತೊ ಮಗ್ಗುಲನ್ನೂ ಮೀರಿಸುತ್ತದೆ, ಆದರೆ ರಸ್ತೆ ಅಗಲ, ತಿರುವಿನ ಸುತ್ತು ದೊಡ್ಡದು, ದಾರಿಯುದ್ದಕ್ಕೂ ನಿಲ್ಲಿಸಲು ಜಾಗ.

ಪೂರ್ತಿ ಉದ್ದ ಬೇಡ ಎನ್ನುವವರಿಗೆ ಸೆಲ್ಲಾ ಗುಡ್ಡಸಾಲಿನ ಸುತ್ತಿನ ದಾರಿ: ಸೆಲ್ಲಾ, ಪೊರ್ದೊಯ್, ಕಾಂಪೊಲೊಂಗೊ, ಗಾರ್ದೆನಾ ಎಂಬ ನಾಲ್ಕು ಘಾಟಿ, ಸುಮಾರು 55 ಕಿ.ಮೀ. ನಿಲ್ಲದೆ ಓಡಿಸಿದರೆ ಎರಡು ಗಂಟೆ. ನಿಲ್ಲದೆ ಓಡಿಸುವುದಾದರೆ ಇಲ್ಲಿಗೆ ಬರುವುದೇ ಬೇಡ. ಆರೇಳು ಗಂಟೆ ಇಟ್ಟುಕೊಳ್ಳಿ.

ಮನೆಯ ಹಿರಿಯರು ಜೊತೆಗಿದ್ದರೆ ನಾಲ್ಕರಲ್ಲಿ ಆಲ್ಪ್ಸ್ ತೋರಿಸಲು ಇದೇ ಸರಿಯಾದ ದಾರಿ. ಪೊರ್ದೊಯ್ ನೆತ್ತಿಯಿಂದ ಕೇಬಲ್ ಕಾರು ನೇರವಾಗಿ 2,950 ಮೀಟರಿನ ಸಾಸ್ ಪೊರ್ದೊಯ್ ಬಂಡೆಯ ಮೇಲೆ ಇಳಿಸುತ್ತದೆ. ಫಾಲ್ಜಾರೆಗೊದಿಂದ ಲಾಗತ್ಸುವೊಯ್‌ಗೆ ಇನ್ನೊಂದು. ಅಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರು ಬಂಡೆ ಕೊರೆದು ಮಾಡಿದ ಸುರಂಗಗಳು ಇನ್ನೂ ಇವೆ. ಕಾರಿನಲ್ಲಿ ಕೂತು ಸುಸ್ತಾದವರು ಮೇಲೆ ಹೋಗಿ ಕಾಫಿ ಕುಡಿದು ಬರಬಹುದು. ಇಷ್ಟು ಸವಲತ್ತು ಸ್ಟೆಲ್ವಿಯೊದಲ್ಲಿ ಇಲ್ಲ.

ಓಡಿಸುವವರಿಗೂ ಏನಾದರೂ ಬೇಕಲ್ಲ. ಅವರಿಗೆ ಜಾವು ಘಾಟಿ, 2,236 ಮೀಟರ್. ಸೆಲ್ವಾ ದಿ ಕದೊರೆ ಕಡೆಯಿಂದ ಸಂಖ್ಯೆ ಹಾಕಿದ 29 ತಿರುವು, ನೆತ್ತಿಯಲ್ಲಿ ಹುಲ್ಲುಗಾವಲು, ಅದರ ತಲೆಯ ಮೇಲೆ ಒಂಟಿ ಬಂಡೆಶಿಖರ. ಒಂದೇ ಘಾಟಿಗೆ ಸಮಯ ಇದೆ ಎಂದರೆ ಪೊರ್ದೊಯ್‌ಗಿಂತ ಜಾವು ಮೇಲು.

ಇಲ್ಲಿ ದಾರಿ ತಪ್ಪುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ಈ ಪ್ರದೇಶದಲ್ಲಿ ಜರ್ಮನ್, ಇಟಾಲಿಯನ್, ಲದೀನ್ ಮೂರೂ ನುಡಿಗಳು ಜೀವಂತ. ಹಾಗಾಗಿ ಒಂದೇ ಊರಿಗೆ ಎರಡು ಮೂರು ಹೆಸರು. ಬೊಲ್ಜಾನೊ ಎಂದರೂ ಬೋಟ್ಸೆನ್ ಎಂದರೂ ಒಂದೇ. ಗಾರ್ದೆನಾ ಘಾಟಿ ಜರ್ಮನ್ ಫಲಕದಲ್ಲಿ ಗ್ರೋಡ್ನರ್‌ಯೋಖ್. ಸ್ಟೆಲ್ವಿಯೊ ಸ್ಟಿಲ್‌ಫ್ಸರ್‌ಯೋಖ್. ಹೊರಡುವ ಮುನ್ನ ಎರಡೂ ಹೆಸರು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಕೂತವರ ಕೈಗೆ ಕೊಡಿ.

ದೂಷಿಸಲೇಬೇಕಾದ ಸಂಗತಿ ದಟ್ಟಣೆ. ಆಗಸ್ಟ್ 15ರ ಫೆರ್ರಗೊಸ್ತೊ ಹಬ್ಬದ ಎರಡು ವಾರ ಇಡೀ ಇಟಲಿ ರಜೆಯಲ್ಲಿರುತ್ತದೆ. ಮಿಸುರಿನಾದಿಂದ ತ್ರೆ ಚೀಮೆ ಶಿಖರಗಳ ಬುಡಕ್ಕೆ ಹೋಗುವ ರಸ್ತೆಗೆ ಟೋಲ್ ಕಟ್ಟಬೇಕು, ಜಾಗ ಮುಂಚೆಯೇ ಆನ್‌ಲೈನ್‌ನಲ್ಲಿ ಕಾದಿರಿಸಬೇಕು. ಬ್ರಾಯೆಸ್ ಸರೋವರಕ್ಕೂ ಬೇಸಿಗೆಯಲ್ಲಿ ಅದೇ ಕಥೆ. ಜೂನ್, ಜುಲೈ, ಸೆಪ್ಟೆಂಬರ್‌ನ ಕೆಲವು ದಿನ ಸೈಕಲ್ ಸ್ಪರ್ಧೆಗೆಂದು ಘಾಟಿಗಳನ್ನು ಮುಚ್ಚುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಮಳೆ ಸಾಮಾನ್ಯ. ಎತ್ತರದ ಘಾಟಿ ಬೆಳಗ್ಗೆ, ಕಣಿವೆಯ ಊರು ಮಧ್ಯಾಹ್ನ ಎಂದು ದಿನ ಹೊಂದಿಸಿಕೊಳ್ಳಿ.

ಕಾಂಪೊ ಇಂಪೆರಾತೊರೆ: ಹಳ್ಳಿಗಾಡಿನ ಬೆಟ್ಟ ನೋಡಬೇಕೆಂದರೆ

ನಾಲ್ಕರಲ್ಲಿ ನಮ್ಮ ಮನಸ್ಸು ಇರುವುದು ಇಲ್ಲಿ. ಹೆಸರು ಕೇಳಿದವರು ಕಡಿಮೆ, ರೋಮ್‌ನಿಂದ ಹತ್ತಿರ, ಹೋದವರು ಮರೆಯುವುದಿಲ್ಲ.

ರೋಮ್‌ನಿಂದ ಎ24 ಟೋಲ್ ರಸ್ತೆಯಲ್ಲಿ ಲಾಕ್ವಿಲಾ ಸುಮಾರು 115 ಕಿ.ಮೀ. ಮುಂದೆ ಅಸ್ಸೆರ್ಜಿ ಬಳಿ ಟೋಲ್ ರಸ್ತೆ ಬಿಡಿ. ಬಿಡದೆ ಮುಂದೆ ಹೋದರೆ ಗ್ರಾನ್ ಸಾಸ್ಸೊ ಬೆಟ್ಟದ ಹೊಟ್ಟೆಯೊಳಗೆ 10 ಕಿ.ಮೀ. ಉದ್ದದ ಸುರಂಗ ಹೊಕ್ಕು ಆಚೆ ತೆರಾಮೊ ಕಡೆ ಬೀಳುತ್ತೀರಿ. ಸುರಂಗದ ನಡುವೆ ತಿರುಗಿಸಲು ಆಗದು. ಅಸ್ಸೆರ್ಜಿಯ ಮೇಲೆ ಫೊಂತೆ ಚೆರ್ರೆತೊ, ಅಲ್ಲಿಂದ ‘ಎಸ್‌ಎಸ್ 17 ಬಿಸ್’ ಎಂಬ ರಸ್ತೆ ಏರುತ್ತದೆ. ತಿರುವುಗಳು ಸೌಮ್ಯ. ಮೊದಲು ಕಾಡು, ಆಮೇಲೆ ಕುರುಚಲು, ಕೊನೆಗೆ ಏನೂ ಇಲ್ಲ. ಒಂದು ಏರು ದಾಟಿದೊಡನೆ ಮುಂದೆ ಸುಮಾರು 27 ಕಿ.ಮೀ. ಉದ್ದ, 8 ಕಿ.ಮೀ. ಅಗಲದ ಬಯಲು ಬಿಚ್ಚಿಕೊಳ್ಳುತ್ತದೆ. ಮರ ಇಲ್ಲ, ಮನೆ ಇಲ್ಲ, ತಂತಿ ಕಂಬ ಇಲ್ಲ. ಹುಲ್ಲು, ಕಲ್ಲು, ಮೋಡದ ನೆರಳು, ಎಡಕ್ಕೆ 2,912 ಮೀಟರಿನ ಕೊರ್ನೊ ಗ್ರಾಂದೆಯ ಬೂದು ಗೋಡೆ. ಇದನ್ನು ಇಟಲಿಯವರು ‘ಪುಟ್ಟ ಟಿಬೆಟ್’ ಎನ್ನುತ್ತಾರೆ. ಲಡಾಖ್ ನೋಡಿದವರು ಆ ಮಾತು ಉತ್ಪ್ರೇಕ್ಷೆ ಎನ್ನಲಾರರು.

ಬಯಲಿನಲ್ಲಿ ದಾರಿ ಕವಲಾಗುತ್ತದೆ. ಎಡದ್ದು 2,130 ಮೀಟರಿನ ಹಳೆಯ ಹೋಟೆಲಿಗೆ ಹೋಗಿ ಮುಗಿಯುತ್ತದೆ. 1943ರಲ್ಲಿ ಮುಸೊಲಿನಿಯನ್ನು ಸೆರೆಯಲ್ಲಿಟ್ಟಿದ್ದು ಈ ಕಟ್ಟಡದಲ್ಲೇ. ಸೆಪ್ಟೆಂಬರ್ 12ರಂದು ಜರ್ಮನ್ ಸೈನಿಕರು ಗ್ಲೈಡರ್‌ಗಳಲ್ಲಿ ಇಳಿದು ಬಿಡಿಸಿಕೊಂಡು ಹೋದರು. ಘಾಟಿ ಓಡಿಸಲು ಒಲ್ಲದವರು ಫೊಂತೆ ಚೆರ್ರೆತೊದಿಂದ ಕೇಬಲ್ ಕಾರಿನಲ್ಲಿ ಇಲ್ಲಿಗೆ ಬರಬಹುದು. ಆದರೆ ಹಾಗೆ ಬಂದರೆ ಬಯಲು ತಪ್ಪಿಹೋಗುತ್ತದೆ, ಇಲ್ಲಿ ಬಯಲೇ ಮುಖ್ಯ.

ಬಲಗವಲು ಬಯಲಿನ ಉದ್ದಕ್ಕೂ ಸಾಗಿ ಫೊಂತೆ ವೆತಿಕಾ ಮುಟ್ಟುತ್ತದೆ. ಊಟ ಅಲ್ಲೇ. ಕುರಿಮಾಂಸವನ್ನು ಒಂದು ಸೆಂಟಿಮೀಟರಿನ ತುಂಡುಗಳಾಗಿ ಕೊಯ್ದು ತೆಳ್ಳನೆಯ ಕಡ್ಡಿಗೆ ಚುಚ್ಚಿದ ‘ಅರ್ರೊಸ್ತಿಚೀನಿ’ ಇಲ್ಲಿನ ವಿಶೇಷ. ಹಸಿ ಮಾಂಸದ ಕಡ್ಡಿಗಳನ್ನು ಅಂಗಡಿಯಲ್ಲಿ ಕೊಂಡು, ಹೊರಗೆ ಇಟ್ಟಿರುವ ಉದ್ದನೆಯ ಕಿರಿದಾದ ಕೆಂಡದ ಒಲೆಯ ಮೇಲೆ ನೀವೇ ಸುಟ್ಟುಕೊಳ್ಳಬೇಕು. ಒಲೆಯ ಅಗಲ ಮಾಂಸದಷ್ಟೇ ಇರುವುದರಿಂದ ಕಡ್ಡಿಯ ತುದಿ ಸುಡುವುದಿಲ್ಲ. ಉಪ್ಪು ಹಾಕುವುದು ಸುಟ್ಟ ಮೇಲೆ. ಮೊದಲೇ ಹಾಕಿದರೆ ನೀರು ಬಿಟ್ಟು ಮಾಂಸ ಒಣಗುತ್ತದೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಬರುವುದು ಒಳ್ಳೆಯದು. ಮುಂದಿನ ಊರುಗಳಲ್ಲಿ ಕುರಿಹಾಲಿನ ಪೆಕೊರಿನೊ ಚೀಸ್ ಸಿಗುತ್ತದೆ. ಅದನ್ನು ಹೆಪ್ಪು ಹಾಕುವುದು ಸಾಮಾನ್ಯವಾಗಿ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಎಂಬುದು ಕಟ್ಟುನಿಟ್ಟಿನವರಿಗೆ ಗೊತ್ತಿರಲಿ. ಸಾಂತೊ ಸ್ತೆಫಾನೊದ ಸಣ್ಣ ಮಸೂರದ ಬೇಳೆ ಹೆಸರುವಾಸಿ. ಅದರ ಸಾರಿಗೆ ಹಂದಿಮಾಂಸ ಬೀಳುವುದುಂಟು, ‘ಸೆನ್ಜಾ ಕಾರ್ನೆ’ ಎಂದು ಹೇಳಿ ಖಾತರಿ ಮಾಡಿಕೊಳ್ಳಿ.

ಊಟ ಮುಗಿಸಿ ಕಾಸ್ತೆಲ್ ದೆಲ್ ಮೊಂತೆಗೆ ಇಳಿಯಿರಿ. ಗುಡ್ಡದ ಮೇಲೆ ಒಂದರ ಹೆಗಲ ಮೇಲೆ ಒಂದು ಕೂತಂತಿರುವ ಕಲ್ಲಿನ ಮನೆಗಳು. ಇದು ಕುರುಬರ ಊರು. ಶತಮಾನಗಳ ಕಾಲ ಇಲ್ಲಿನ ಕುರಿ ಮಂದೆಗಳು ಚಳಿಗಾಲಕ್ಕೆ ದಕ್ಷಿಣದ ಪುಲ್ಯಾ ಬಯಲಿಗೆ ನಡೆದು ಹೋಗಿ ಬೇಸಿಗೆಗೆ ಮರಳುತ್ತಿದ್ದವು. ಹಾಗೇ ಮುಂದೆ ರೊಕ್ಕಾ ಕಲಾಶೊ, 1,460 ಮೀಟರಿನ ಏಣಿನ ಮೇಲಿನ ಹಾಳು ಕೋಟೆ. ನಂದಿಬೆಟ್ಟದಷ್ಟೇ ಎತ್ತರ. ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ಕೆಳಗೆ ಕಾರು ನಿಲ್ಲಿಸಿ ಹತ್ತಬೇಕಾಗುತ್ತದೆ. ಆಮೇಲೆ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ, ಬರಿಶಾನೊ, ಮರಳಿ ಲಾಕ್ವಿಲಾ. ಪೂರ್ತಿ ಸುತ್ತು 100 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಒಂದು ತುಂಬಿದ ದಿನ. 2009ರ ಏಪ್ರಿಲ್ 6ರ ಭೂಕಂಪದ ಗಾಯ ಈ ಸೀಮೆಯಲ್ಲಿ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಆಸರೆ ಕೊಟ್ಟು ನಿಲ್ಲಿಸಿರುವ ಗೋಡೆಗಳ ಕೆಳಗೆ ಕಾರು ನಿಲ್ಲಿಸಬೇಡಿ.

ಇಲ್ಲಿ ಎಡವಟ್ಟಾಗುವುದು ಬೇರೆ ರೀತಿಯಲ್ಲಿ. ರಸ್ತೆ ನೇರ ಇರುವುದರಿಂದ ವೇಗ ಗೊತ್ತಿಲ್ಲದೆ ಏರುತ್ತದೆ. ಅಷ್ಟರಲ್ಲಿ ದಿಬ್ಬದ ಆಚೆ ದನ, ಕುದುರೆಗಳ ಹಿಂಡು ರಸ್ತೆಯಲ್ಲೇ ನಿಂತಿರುತ್ತದೆ. ಹಿಮ ಕರಗಿದ ಮೇಲೆ ಟಾರು ಬಿರಿದು ಗುಂಡಿ ಬಿದ್ದಿರುತ್ತದೆ, ಅಂಚಿನಲ್ಲಿ ತಡೆಗೋಡೆ ಇರುವುದಿಲ್ಲ. ಕುರಿ ಮಂದೆಯ ಜೊತೆ ದೊಡ್ಡ ಬಿಳಿ ಕಾವಲು ನಾಯಿಗಳಿರುತ್ತವೆ. ತೋಳ ಬಂದರೂ ಎದುರಿಸಲೆಂದು ಸಾಕಿದ ತಳಿ ಅದು. ಮಂದೆ ರಸ್ತೆ ದಾಟುವಾಗ ಎಂಜಿನ್ ನಿಲ್ಲಿಸಿ ಒಳಗೇ ಕೂತಿರಿ. ಫೋಟೊಗೆಂದು ಇಳಿದು ಕುರಿಯ ಹತ್ತಿರ ಹೋದರೆ ನಾಯಿ ನಿಮ್ಮನ್ನು ಅತಿಥಿ ಎಂದುಕೊಳ್ಳುವುದಿಲ್ಲ. ಬಯಲಿನಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಹಲವು ಕಡೆ ಮೊಬೈಲ್ ಸಿಗ್ನಲ್ ಇಲ್ಲ, ನಕ್ಷೆ ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ. ಚಳಿಗಾಲದಲ್ಲಿ ಮೇಲಿನ ರಸ್ತೆ ಮುಚ್ಚಿರುತ್ತದೆ. ನಂಬಬಹುದಾದ ತಿಂಗಳು ಜೂನ್‌ನಿಂದ ಅಕ್ಟೋಬರ್.

ಜೂನ್ ಕೊನೆ, ಜುಲೈ ಮೊದಲ ವಾರಕ್ಕೆ ಸರಿಯಾಗಿ ಹೋಗುವವರು ಇದಕ್ಕೆ ಬದಲಾಗಿ ಉಂಬ್ರಿಯಾದ ಕಾಸ್ತೆಲ್ಲೂಚೊ ಬಯಲನ್ನೂ ಯೋಚಿಸಬಹುದು. ಮಸೂರದ ಹೊಲಗಳ ನಡುವೆ ಗಸಗಸೆ, ನೀಲಿ ಕಾರ್ನ್‌ಫ್ಲವರ್ ಅರಳಿ ಬಯಲು ಪಟ್ಟೆಪಟ್ಟೆಯಾಗಿ ಬಣ್ಣ ತುಂಬುತ್ತದೆ. ಹೂವಿನ ವಾರಾಂತ್ಯಗಳಲ್ಲಿ ಕಾರುಗಳಿಗೆ ನಿರ್ಬಂಧ ಇರುತ್ತದೆ, ವಾರದ ನಡುವೆ ಹೋಗಿ. ಮೇಲಿನ ಊರು 2016ರ ಅಕ್ಟೋಬರ್ 30ರ ಭೂಕಂಪದಲ್ಲಿ ನೆಲಕ್ಕುರುಳಿತು.

ವಾಲ್ ದೊರ್ಚಾ: ಘಾಟಿ ಬೇಡ, ಗುಡ್ಡ ಸಾಕು ಎನ್ನುವವರಿಗೆ

ಟಸ್ಕನಿಯ ಸಾನ್ ಕ್ವಿರಿಕೊ, ಪಿಯೆಂಜಾ, ಮೊಂತೆಪುಲ್ಚಾನೊ ಊರುಗಳನ್ನು ಪೋಣಿಸುವ ಎಸ್‌ಪಿ 146 ರಸ್ತೆ 25 ಕಿ.ಮೀ. ಕೂಡ ಇಲ್ಲ. ಗೋಧಿ ಹೊಲದ ಅಲೆ, ಸಾಲು ಸೈಪ್ರೆಸ್ ಮರ, ಗುಡ್ಡದ ತುದಿಗೊಂದು ಊರು. ವರ್ಷವಿಡೀ ತೆರೆದಿರುತ್ತದೆ. ಹಸಿರು ಬೇಕಾದರೆ ಏಪ್ರಿಲ್ ಕೊನೆ, ಮೇ. ಜುಲೈನಲ್ಲಿ ಕೊಯ್ಲು ಮುಗಿದು ಎಲ್ಲ ಕಂದು. ಬೆಟ್ಟದ ಹಸಿವು ಉಳಿದರೆ ಪಕ್ಕದಲ್ಲೇ ಅಮಿಯಾತಾ, 1,738 ಮೀಟರಿನ ಆರಿದ ಜ್ವಾಲಾಮುಖಿ. ಬುಡದಲ್ಲಿ ಚೆಸ್ಟ್‌ನಟ್, ಮೇಲೆ ಬೀಚ್ ಮರಗಳ ಕಾಡು. ಬೇಸಿಗೆಯ ಸುಡುವ ಮಧ್ಯಾಹ್ನಕ್ಕೆ ತಂಪು.

ಎಚ್ಚರಿಕೆ ಒಂದೇ. ‘ಸ್ತ್ರಾದಾ ಬಿಯಾಂಕಾ’ ಎನ್ನುವ ಬಿಳಿ ಜಲ್ಲಿ ರಸ್ತೆಗಳು ಕಣ್ಣಿಗೆ ಚೆಂದ, ಆದರೆ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ಟಾರಿಲ್ಲದ ರಸ್ತೆಗೆ ಅನ್ವಯಿಸುವುದಿಲ್ಲ. ಕಾರಿನ ತಳಕ್ಕೆ, ಟೈರಿಗೆ, ಗಾಜಿಗೆ ಆದ ಹಾನಿ ಹಲವು ಪಾಲಿಸಿಗಳಲ್ಲಿ ಮೊದಲೇ ಹೊರಗಿರುತ್ತದೆ.

ಯಾವ ಕಾರು

ಸಾಮಾನು ಹಿಡಿಸುವ ಅತಿ ಚಿಕ್ಕ ಕಾರು ತೆಗೆದುಕೊಳ್ಳಿ. ಫಿಯಟ್ ಪಾಂಡಾದಂಥದ್ದು ಅಗಲ 1.64 ಮೀಟರ್. ಹಳ್ಳಿಯ ಓಣಿಯಲ್ಲಿ, ಸ್ಟೆಲ್ವಿಯೊ ಸುರಂಗದಲ್ಲಿ ಆ ಚಿಕ್ಕತನವೇ ಕಾಪಾಡುತ್ತದೆ. ಆದರೆ ನಾಲ್ಕು ಜನ, ಡಿಕ್ಕಿ ತುಂಬ ಸೂಟ್‌ಕೇಸ್ ಎಂದರೆ ಲೆಕ್ಕ ಬದಲಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಶೇ 10ರಷ್ಟು ಬಲ ಕಳೆದುಕೊಳ್ಳುತ್ತದೆ, ಏಕೆಂದರೆ ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. 70 ಅಶ್ವಶಕ್ತಿಯ ಕಾರು ಸ್ಟೆಲ್ವಿಯೊ ನೆತ್ತಿಯಲ್ಲಿ 50ರ ಆಸುಪಾಸಿಗೆ ಇಳಿಯುತ್ತದೆ. ಆಲ್ಪ್ಸ್‌ಗಾದರೆ ಟರ್ಬೊ ಎಂಜಿನ್ ಇರುವ ಮಧ್ಯಮ ಗಾತ್ರದ ಕಾರು ಕೇಳಿ. ಗ್ರಾನ್ ಸಾಸ್ಸೊ, ಟಸ್ಕನಿಗೆ ಚಿಕ್ಕದೇ ಸಾಕು.

ಗೇರಿನದೋ ಆಟೊಮ್ಯಾಟಿಕ್ಕೋ? ಎಡಗಡೆ ಸ್ಟೇರಿಂಗ್ ಕಾರನ್ನು ಮೊದಲ ಸಲ ಓಡಿಸುವವರಾದರೆ ಆಟೊಮ್ಯಾಟಿಕ್, ಬಾಡಿಗೆ ಜಾಸ್ತಿಯಾದರೂ ಸರಿ. ಪೆಡಲ್‌ಗಳ ಕ್ರಮ ನಮ್ಮಲ್ಲಿದ್ದಂತೆಯೇ, ಆದರೆ ಗೇರ್ ಬಲಗೈಗೆ ಬರುತ್ತದೆ. ಆತುರದಲ್ಲಿ ಎಡಗೈ ಬಾಗಿಲ ಹಿಡಿಗೆ ಬಡಿಯುತ್ತದೆ. ಏರು ತಿರುವಿನ ನಡುವೆ ಆ ಒಂದು ಕ್ಷಣ ದುಬಾರಿ. ಆಟೊಮ್ಯಾಟಿಕ್ ಕಾರುಗಳು ಕಡಿಮೆ ಇರುವುದರಿಂದ ತಿಂಗಳ ಮುಂಚೆಯೇ ಕಾದಿರಿಸಿ. ಕಾರು ಪಡೆಯುವಾಗ ನಾಲ್ಕೂ ಚಕ್ರದ ರಿಮ್‌ಗಳ ಫೋಟೊ ತೆಗೆಯಿರಿ. ಘಾಟಿಯಲ್ಲಿ ಮೊದಲು ಗೀಚಿಸಿಕೊಳ್ಳುವುದು ಬಲ ಹಿಂದಿನ ರಿಮ್.

ಆ ಬಲ ತಿರುವು

ಏಕೆ ಬಲ ಹಿಂದಿನದು? ನಮ್ಮಲ್ಲಿ ಎಡಕ್ಕೆ ಓಡಿಸುವುದರಿಂದ ಎಡ ತಿರುವು ಬಿಗಿ, ಬಲ ತಿರುವು ಸಡಿಲ. ಇಟಲಿಯಲ್ಲಿ ಇದು ತಲೆಕೆಳಗು. ಬಲ ಹೇರ್‌ಪಿನ್ ತಿರುವಿನಲ್ಲಿ ನೀವು ಒಳಸುತ್ತಿನಲ್ಲಿರುತ್ತೀರಿ, ಕೂತಿರುವುದು ಕಾರಿನ ಎಡಕ್ಕೆ, ಒಳಮೂಲೆ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಹಾದು ಕಲ್ಲಿಗೆ ಉಜ್ಜುತ್ತದೆ.

ಹೀಗೆ ಮಾಡಿ. ತಿರುವಿಗೆ ಮುಂಚೆಯೇ ಪಕ್ಕದ ಸೀಟಿನ ಕಿಟಕಿಯಿಂದ ಮೇಲಿನ ರಸ್ತೆ ನೋಡಿ. ಬಸ್ಸೋ ಕ್ಯಾಂಪರ್ ವ್ಯಾನೋ ಇಳಿಯುತ್ತಿದ್ದರೆ ತಿರುವಿನ ಕೆಳಗೇ ನಿಂತುಬಿಡಿ, ಅವಕ್ಕೆ ಇಡೀ ತಿರುವು ಬೇಕು. ಖಾಲಿ ಇದ್ದರೆ ನೇರ ತುಂಡಿನಲ್ಲೇ ವೇಗ ಇಳಿಸಿ, ಎರಡನೇ ಗೇರ್, ಬಹಳ ಬಿಗಿಯಾದರೆ ಮೊದಲನೆಯದು. ನಿಮ್ಮ ಪಟ್ಟಿಯ ಎಡ ಅಂಚಿಗೆ ಬಂದು, ಮುಂಭಾಗ ತಿರುವಿನ ನಡುವನ್ನು ದಾಟುವವರೆಗೂ ತಡೆದು, ಆಮೇಲೆ ಸ್ಟೇರಿಂಗ್ ಪೂರ್ತಿ ತಿರುಗಿಸಿ. ಬೇಗ ತಿರುಗಿಸಿದರೆ ರಿಮ್ ಹೋಯಿತು. ತೀರಾ ತಡವಾದರೆ ಎದುರಿನವರ ಪಟ್ಟಿಗೆ ನುಗ್ಗುತ್ತೀರಿ. ಹತ್ತು ತಿರುವಿನ ಒಳಗೆ ಕೈಗೆ ಅಳತೆ ಸಿಗುತ್ತದೆ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರ್. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದರೆ ಅದೇ ಮೊದಲ ಎಚ್ಚರಿಕೆ. ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ಆಟೊಮ್ಯಾಟಿಕ್‌ನಲ್ಲಿ ‘ಎಂ’ ಗೆ (ಗೇರ್ ನಾವೇ ಬದಲಿಸುವ ಸ್ಥಾನ) ಹಾಕಿ ಎರಡನೇ ಗೇರ್ ಹಿಡಿದಿಡಿ, ಹೈಬ್ರಿಡ್‌ನಲ್ಲಿ ‘ಬಿ’ (ಎಂಜಿನ್ನೇ ವೇಗ ತಡೆಯುವ ಸ್ಥಾನ).

ಕಿರಿದಾದ ಕಡೆ ಎದುರುಬದುರಾದರೆ ಇಳಿಯುವವರು ಬಲ ಅಂಚಿಗೆ ಸರಿದು ನಿಲ್ಲಬೇಕು, ಹತ್ತುವವರಿಗೆ ದಾರಿ. ನಮ್ಮ ಘಾಟಿಗಳ ನಿಯಮವೇ ಇದು. ಹತ್ತುವವರ ಪಕ್ಕದಲ್ಲೇ ನಿಲ್ಲುವ ಜಾಗವಿದ್ದರೆ ಮಾತ್ರ ಅವರು ನಿಲ್ಲಬೇಕು.

ಎಲ್ಲಕ್ಕಿಂತ ಅಪಾಯದ ಗಳಿಗೆ ತಿರುವಿನಲ್ಲಿ ಅಲ್ಲ, ಫೋಟೊ ತೆಗೆದು ಖಾಲಿ ರಸ್ತೆಗೆ ಮರಳುವಾಗ. ಹಳೆಯ ಅಭ್ಯಾಸ ಕಾರನ್ನು ಎಡಕ್ಕೆ ಒಯ್ಯುತ್ತದೆ, ತಿದ್ದಲು ಎದುರಿನ ಗಾಡಿಯೂ ಇರುವುದಿಲ್ಲ. ಹೊರಡುವಾಗಲೆಲ್ಲ ಪಕ್ಕದಲ್ಲಿ ಕೂತವರು ‘ಬಲಕ್ಕೆ’ ಎಂದು ಗಟ್ಟಿಯಾಗಿ ಹೇಳುವ ಕಟ್ಟಳೆ ಮಾಡಿಕೊಳ್ಳಿ.

ಕಾಗದ, ಹಣ, ಇಂಧನ

ಭಾರತದ ಡಿಎಲ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕೇ ಬೇಕು. ನಿಮ್ಮ ಆರ್‌ಟಿಒ ಕಚೇರಿಯಿಂದ, ನಮೂನೆ 4ಎ, ಶುಲ್ಕ 1,000 ರೂಪಾಯಿ, ಒಂದು ವರ್ಷ ಚಾಲ್ತಿ. ಊರು ಬಿಡುವ ಮೊದಲೇ ಮಾಡಿಸಿ, ಇಟಲಿಯಲ್ಲಿ ಸಿಗುವುದಿಲ್ಲ. ಠೇವಣಿಗೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ.

ಬಂಕ್‌ನಲ್ಲಿ ‘ಗಸೋಲಿಯೊ’ ಎಂದರೆ ಡೀಸೆಲ್. ಗ್ಯಾಸೊಲಿನ್ ಎಂದು ತಿಳಿದು ಪೆಟ್ರೋಲ್ ಕಾರಿಗೆ ಅದನ್ನೇ ಹಾಕಿಬಿಡುವವರಿದ್ದಾರೆ. ಪೆಟ್ರೋಲ್ ಎಂದರೆ ‘ಬೆನ್ಜೀನಾ’. ತಪ್ಪಾಗಿ ಹಾಕಿದ್ದರೆ ಎಂಜಿನ್ ಚಾಲು ಮಾಡಲೇಬೇಡಿ, ಟ್ಯಾಂಕ್ ಬರಿದು ಮಾಡಿಸುವುದು ಪಂಪ್ ಕೆಡುವುದಕ್ಕಿಂತ ಅಗ್ಗ. ಹಳ್ಳಿಯ ಬಂಕ್‌ಗಳು ಮಧ್ಯಾಹ್ನ ಮುಚ್ಚಿರುತ್ತವೆ, ಯಂತ್ರಕ್ಕೆ ಕಾರ್ಡ್ ಅಥವಾ ನೋಟು ಹಾಕಿ ನೀವೇ ತುಂಬಿಕೊಳ್ಳಬೇಕು.

ಊರೊಳಗೆ 50, ಹಳ್ಳಿ ರಸ್ತೆಗೆ 90, ಟೋಲ್ ಹೆದ್ದಾರಿಗೆ 130 ವೇಗಮಿತಿ. ಊರಾಚೆ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಬಹುತೇಕ ಬೆಟ್ಟದ ರಸ್ತೆಗಳಲ್ಲಿ ಚಳಿಗಾಲದ ಟೈರ್ ಇಲ್ಲವೇ ಸರಪಳಿ ಕಡ್ಡಾಯ. ಹಳೆಯ ಊರುಗಳ ಬಾಯಲ್ಲಿ ‘ಜೆಡ್‌ಟಿಎಲ್’ (ಹೊರಗಿನ ಕಾರುಗಳಿಗೆ ನಿರ್ಬಂಧವಿರುವ ವಲಯ) ಫಲಕ ಕಂಡರೆ ಒಳಗೆ ಹೋಗಬೇಡಿ. ಅಲ್ಲಿ ಪೊಲೀಸರು ನಿಂತಿರುವುದಿಲ್ಲ, ಕ್ಯಾಮೆರಾ ಇರುತ್ತದೆ. ದಂಡದ ಚೀಟಿ ತಿಂಗಳುಗಳ ಮೇಲೆ ಬೆಂಗಳೂರಿನ ಮನೆಗೇ ಬರಬಹುದು, ಅದರ ಜೊತೆ ಬಾಡಿಗೆ ಸಂಸ್ಥೆಯ ಸೇವಾಶುಲ್ಕ ಬೇರೆ. ಬಿಳಿ ಗೆರೆಯೊಳಗೆ ಪಾರ್ಕಿಂಗ್ ಉಚಿತ, ನೀಲಿಗೆ ದುಡ್ಡು, ಹಳದಿ ನಿಮಗಲ್ಲ.

ಹಾಗಾದರೆ ಯಾವುದು

ರೋಮ್‌ನಲ್ಲಿದ್ದೀರಿ, ಒಂದೇ ದಿನ ಬಿಡುವು: ಕಾಂಪೊ ಇಂಪೆರಾತೊರೆ, ಬೆಳಗ್ಗೆ ಏಳಕ್ಕೆ ಹೊರಡಿ. ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೆಗೆ, ಮೂರು ದಿನ ಇದೆ: ಅರಾಬ್ಬಾದಲ್ಲೋ ಕೊರ್ವಾರಾದಲ್ಲೋ ಒಂದೇ ಕೋಣೆ ಹಿಡಿದು ಡೊಲೊಮೈಟ್ಸ್, ದಿನಕ್ಕೆ ಎರಡು ಘಾಟಿ ಮೀರದಂತೆ. ತಿರುವಿಗೆ ವಾಂತಿ ಮಾಡಿಕೊಳ್ಳುವವರು ಯಾರಾದರೂ ಇದ್ದರೆ ವಾಲ್ ದೊರ್ಚಾ. ಏಪ್ರಿಲ್, ಮೇ ತಿಂಗಳ ರಜೆಗೆ ಹೋಗುವವರಿಗೂ ಅದೇ, ಏಕೆಂದರೆ ಆಗ ಮೇಲಿನ ದಾರಿಗಳಲ್ಲಿ ಹಿಮ ಕೂತಿರುತ್ತದೆ. ಸ್ಟೆಲ್ವಿಯೊ ಬೇಕೇ ಬೇಕು ಎನ್ನುವವರು ಇಟಲಿಯ ಮೊದಲ ದಿನ ಅಲ್ಲಿಗೆ ಹೋಗಬೇಡಿ. ಎರಡು ದಿನ ಡೊಲೊಮೈಟ್ಸ್‌ನ ಅಗಲ ತಿರುವುಗಳಲ್ಲಿ ಬಲಗೈಗೆ ಗೇರ್, ಬಲಬದಿಗೆ ಕಣ್ಣು ಪಳಗಲಿ. ಹಿಂದಿನ ರಾತ್ರಿ ಪ್ರಾತೊದಲ್ಲೇ ಉಳಿದು, ಟ್ಯಾಂಕ್ ತುಂಬಿಸಿಟ್ಟು, ಮೂರನೇ ಬೆಳಗ್ಗೆ ಏಳಕ್ಕೆ 48ನೇ ಕಲ್ಲಿನ ಕಡೆ ಹೊರಡಿ.